ಹುಮನಾಬಾದಿನಲ್ಲಿ ಇಳಿದು ಕಲ್ಯಾಣಕ್ಕೆ

ಬಸವಕಲ್ಯಾಣಕ್ಕೆ ರೈಲಿಲ್ಲ. ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ಹನ್ನೊಂದನೇ ಶತಮಾನದಲ್ಲಿ ಮಾನ್ಯಖೇಟ ಬಿಟ್ಟು ಬಂದು ರಾಜಧಾನಿ ಮಾಡಿಕೊಂಡ ಊರು ಇದು. ಆರನೇ ವಿಕ್ರಮಾದಿತ್ಯನ ಆಸ್ಥಾನಕ್ಕೆಂದು ಕಾಶ್ಮೀರದ ಕವಿ ಬಿಲ್ಹಣ ಬಂದು ಸೇರಿದ್ದು ಇಲ್ಲಿಗೆ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಇಲ್ಲಿ. ಮುಂದಿನ ಶತಮಾನದಲ್ಲಿ ಬಸವಣ್ಣನವರ ಹೆಸರು ಕೇಳಿ ಎಲ್ಲೆಲ್ಲಿಂದಲೋ ಶರಣರು ಬಂದು ಕೂಡಿದ್ದೂ ಇಲ್ಲಿಯೇ. ಕಾಲ್ನಡಿಗೆಯ ಕಾಲದಲ್ಲಿ ಅಷ್ಟು ಜನರನ್ನು ಸೆಳೆದ ಊರಿಗೆ ಹಳಿ ಮಾತ್ರ ಬರಲಿಲ್ಲ. ಹತ್ತಿರದ ನಿಲ್ದಾಣ ಹುಮನಾಬಾದು, ಸುಮಾರು 30 ಕಿಲೋಮೀಟರ್ ದೂರ. ಬಿಟ್ಟರೆ ಭಾಲ್ಕಿ. ಬೀದರ್ ಮತ್ತು ಕಲಬುರಗಿ ಒಂದೊಂದೂ 80 ಕಿಲೋಮೀಟರಿನ ಆಸುಪಾಸು.

ರೈಲು ಪ್ರವಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಯಾವ ದರ್ಜೆಯಲ್ಲಿ ಕೂರಬೇಕು, ಸೀಟು ಹೇಗೆ ಕಾಯ್ದಿರಿಸಬೇಕು ಎನ್ನುವಲ್ಲಿಗೆ ನಿಲ್ಲಿಸುತ್ತಾರೆ. ನಮ್ಮಂಥ ದೇಶದಲ್ಲಿ ಪ್ರವಾಸಿಯ ಕಷ್ಟ ಶುರುವಾಗುವುದು ಗಾಡಿಯಿಂದ ಇಳಿದ ಮೇಲೆ. ಹಳಿ ಮುಗಿದ ಜಾಗಕ್ಕೂ ನೋಡಬೇಕಾದ ಜಾಗಕ್ಕೂ ನಡುವೆ ಇರುವ ದಾರಿಯನ್ನು ಇಲ್ಲಿ ಯಾವ ಇಲಾಖೆಯೂ ತನ್ನದೆಂದು ಹೇಳುವುದಿಲ್ಲ. ಅದನ್ನು ಪ್ರಯಾಣಿಕನೇ ಜೋಡಿಸಿಕೊಳ್ಳಬೇಕು. ಈ ಅಧ್ಯಾಯ ಹೆಚ್ಚಾಗಿ ಆ ಜೋಡಣೆಯನ್ನು ಕುರಿತದ್ದು.

ಎರಡು ಹಳಿಗಳ ನಡುವಿನ ಊರು

ಬೀದರ್ ಜಿಲ್ಲೆಯ ನಕಾಶೆ ಮುಂದಿಟ್ಟುಕೊಂಡರೆ ಕಲ್ಯಾಣ ಯಾಕೆ ತಪ್ಪಿಹೋಯಿತೆಂದು ತಿಳಿಯುತ್ತದೆ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಎರಡು ಬಂದರುಗಳನ್ನು ಜೋಡಿಸುವ ಹಳಿ ಅದು. ನಡುವಿನ ಊರುಗಳಲ್ಲಿ ಯಾವುದು ದೊಡ್ಡದು, ಯಾವುದು ಹಳೆಯದು ಎಂಬುದು ಅದಕ್ಕೆ ಬೇಕಿರಲಿಲ್ಲ. 1874ರಲ್ಲಿ ನಿಜಾಮ ಸರ್ಕಾರ ತನ್ನ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿತು. 1930ರ ಹೊತ್ತಿಗೆ ವಿಕಾರಾಬಾದಿನಿಂದ ಬೀದರಿಗೆ ಇನ್ನೊಂದು ಹಳಿ ಬಂತು; ಅದೇ ಮುಂದೆ ಭಾಲ್ಕಿ, ಉದಗೀರ್ ಮೇಲೆ ಪರಳಿಗೆ ಹೋಯಿತು. ದಕ್ಷಿಣಕ್ಕೆ ಕಲಬುರಗಿಯ ಹಳಿ, ಉತ್ತರಕ್ಕೆ ಬೀದರಿನ ಹಳಿ. ನಡುವಿನ ನೂರು ಕಿಲೋಮೀಟರಿಗೂ ಮಿಕ್ಕಿದ ನೆಲದಲ್ಲಿ ಹುಮನಾಬಾದೂ ಕಲ್ಯಾಣವೂ ಉಳಿದುಬಿಟ್ಟವು. ಆಗ ಕಲ್ಯಾಣ ನವಾಬರ ಜಹಗೀರು, ಹೆಸರು ಕಲ್ಯಾಣಿ. ಹೈದರಾಬಾದಿನ ಹೋಟೆಲುಗಳಲ್ಲಿ ಇವತ್ತಿಗೂ ಸಿಗುವ ಕಲ್ಯಾಣಿ ಬಿರಿಯಾನಿ ಆ ನವಾಬರ ಮನೆತನದಿಂದ ಬಂದದ್ದೆಂದು ಹೇಳುತ್ತಾರೆ. ಊರಿನ ಅಡುಗೆ ಹೈದರಾಬಾದು ಮುಟ್ಟಿತು, ಹೈದರಾಬಾದಿನ ಗಾಡಿ ಊರು ಮುಟ್ಟಲಿಲ್ಲ.

ಬೀದರ್–ಕಲಬುರಗಿ ನಡುವಿನ ಕಂದಕ ತುಂಬಲು 110 ಕಿಲೋಮೀಟರ್ ಹಳಿ ಬೇಕಿತ್ತು. ತೊಂಬತ್ತರ ದಶಕದ ಕೊನೆಗೆ ಮಂಜೂರಾದ ಈ ಯೋಜನೆಗೆ ಮೊದಲು ಅಂದಾಜು ಮಾಡಿದ ಖರ್ಚು ಸುಮಾರು 370 ಕೋಟಿ ರೂಪಾಯಿ. ಪ್ರಧಾನಿ ನರೇಂದ್ರ ಮೋದಿ 2017ರ ಅಕ್ಟೋಬರ್ 29ರಂದು ಬೀದರಿನಲ್ಲಿ ಮಾರ್ಗವನ್ನು ಉದ್ಘಾಟಿಸುವ ಹೊತ್ತಿಗೆ ಅದು 1,500 ಕೋಟಿ ದಾಟಿತ್ತು. ಎರಡು ದಶಕ, ನಾಲ್ಕು ಪಟ್ಟು ದುಡ್ಡು. ಇದರಲ್ಲಿ ನೆಲದ ಪಾಲೂ ಇದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಹುಮನಾಬಾದು 600 ಮೀಟರಿಗೂ ಮೇಲಿದೆ. ಕಮಲಾಪುರ ದಾಟಿದ ಮೇಲೆ ಹಳಿ ಗುಡ್ಡ ಹತ್ತಬೇಕು. ಮರಗುತ್ತಿ ಹತ್ತಿರ ಒಂದೂವರೆ ಕಿಲೋಮೀಟರಿಗೂ ಉದ್ದನೆಯ ಸುರಂಗ ಕೊರೆದದ್ದು ಅದಕ್ಕಾಗಿ. ಉಳಿದ ಕಡೆ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಹಳಿ ನಿಲ್ಲಿಸುವುದು ಸಲೀಸಲ್ಲ. ಆದರೂ ಎಲ್ಲ ತಡವನ್ನೂ ಮಣ್ಣಿನ ತಲೆಗೆ ಕಟ್ಟುವುದು ಅನ್ಯಾಯ. ಇಷ್ಟಿಷ್ಟೇ ದುಡ್ಡು ಬಿಟ್ಟು ತುಂಡುತುಂಡಾಗಿ ಕಟ್ಟಿಸಿದರೆ ಯಾವ ಮಣ್ಣಿನಲ್ಲೂ ಇಷ್ಟೇ ವರ್ಷ ಹಿಡಿಯುತ್ತದೆ.

ಇಷ್ಟಾದರೂ ಪ್ರವಾಸಿಯ ಎಣಿಕೆಯಲ್ಲಿ ಈ ಮಾರ್ಗಕ್ಕೆ ಜಾಗ ಸಿಕ್ಕಿಲ್ಲ. ರಾಜ್ಯದ ಐಷಾರಾಮಿ ಪ್ರವಾಸಿ ರೈಲು ‘ಸುವರ್ಣ ರಥ’ 2008ರಲ್ಲಿ ಓಡತೊಡಗಿತು. ನಡುವೆ ನಿಂತು, 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು. ಮೈಸೂರು, ಬೇಲೂರು, ಹಳೇಬೀಡು, ಹಂಪಿ, ಬಾದಾಮಿ, ಗೋವಾ ಅದರ ಮೊದಲಿನ ದಾರಿ. ಬಾದಾಮಿಯ ಚಾಲುಕ್ಯರನ್ನು ಕಂಡ ರೈಲು ಕಲ್ಯಾಣದ ಚಾಲುಕ್ಯರ ಕಡೆಗೆ ತಿರುಗಲಿಲ್ಲ. ಅದರಿಂದ ಇಲ್ಲಿಯ ಸಾಮಾನ್ಯ ಪ್ರವಾಸಿಗೆ ನಷ್ಟವೇನೂ ಇಲ್ಲ. ಆ ಟಿಕೆಟ್ ಕೊಳ್ಳುವ ಶಕ್ತಿ ಇರುವವರು ಟ್ಯಾಕ್ಸಿಯಲ್ಲೇ ಬರುತ್ತಾರೆ.

1932ರ ಇಪ್ಪತ್ತೇಳು ಬಸ್ಸುಗಳು

ಹಳಿ ಮತ್ತು ಊರಿನ ನಡುವಿನ ದಾರಿ ಯಾರದ್ದು ಎಂಬ ಪ್ರಶ್ನೆಗೆ ಈ ಸೀಮೆಯಲ್ಲೇ ಒಮ್ಮೆ ಉತ್ತರ ಸಿಕ್ಕಿತ್ತು. 1932ರಲ್ಲಿ ನಿಜಾಮ ರಾಜ್ಯದ ರೈಲ್ವೆ ತಾನೇ ರಸ್ತೆ ಸಾರಿಗೆಯ ಒಂದು ವಿಭಾಗ ತೆರೆಯಿತು. ಮೊದಲಿಗೆ ಇದ್ದದ್ದು 27 ಬಸ್ಸು, 166 ಮಂದಿ ನೌಕರರು. ಇಂದಿನ ಆಂಧ್ರ ಮತ್ತು ತೆಲಂಗಾಣದ ರಸ್ತೆ ಸಾರಿಗೆ ಸಂಸ್ಥೆಗಳು ತಮ್ಮ ಮೂಲವನ್ನು ಅಲ್ಲಿಗೇ ಒಯ್ದು ಕಟ್ಟುತ್ತವೆ. ಗಾಡಿ ಓಡಿಸುವವರೇ ಬಸ್ಸೂ ಓಡಿಸುತ್ತಿದ್ದರು ಎಂದರೆ ಎರಡರ ವೇಳೆಯನ್ನೂ ಒಂದೇ ಕಚೇರಿಯಲ್ಲಿ ಕೂತು ಹೊಂದಿಸಬಹುದಿತ್ತು. ಇದನ್ನು ನಿಜಾಮರ ಆಡಳಿತದ ಗುಣಗಾನಕ್ಕೆ ಹೇಳುತ್ತಿಲ್ಲ. ಜನ ಒಂದು ಗಾಡಿ ಇಳಿದು ಇನ್ನೊಂದು ಹತ್ತುತ್ತಾರೆ ಎಂಬ ಸಾದಾ ಸಂಗತಿ ಆ ರೈಲ್ವೆಯವರಿಗೆ ಗೊತ್ತಿತ್ತು, ಅಷ್ಟೇ.

1951ರಲ್ಲಿ ರೈಲು ಕೇಂದ್ರದ ಪಾಲಾಯಿತು, ಬಸ್ಸು ಹೈದರಾಬಾದ್ ರಾಜ್ಯದ ಪಾಲಾಯಿತು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಇಲ್ಲಿಯ ಬಸ್ಸು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಬೀದರ್ ಕಡೆಯ ಹಳಿ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದ್ದು. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ್ದು. ಕರ್ನಾಟಕದವರು ‘ನಮ್ಮ ರೈಲ್ವೆ’ ಎಂದುಕೊಳ್ಳುವ ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಇಲ್ಲಿ ಕೆಲಸವೇ ಇಲ್ಲ. ಗಾಡಿ ಹುಮನಾಬಾದಿಗೆ ಬರುವ ಹೊತ್ತಿಗೂ ಕಲ್ಯಾಣದ ಬಸ್ಸು ಹೊರಡುವ ಹೊತ್ತಿಗೂ ತಾಳೆ ಇರಲೇಬೇಕೆಂದು ಕೇಳುವವರು ಯಾರು, ಯಾರನ್ನು?

ಗಾಡಿಯೊಳಗೆ

ಬೀದರ್–ಕಲಬುರಗಿ ನಡುವೆ ಓಡುವ ಪ್ಯಾಸೆಂಜರ್ ಗಾಡಿಗೆ ಸೀಟು ಕಾಯ್ದಿರಿಸುವ ಗೋಜಿಲ್ಲ. ಕಿಟಕಿಯಲ್ಲಿ ಟಿಕೆಟ್ ಕೊಳ್ಳಬೇಕು ಅಥವಾ ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು, ಸಿಕ್ಕ ಕಡೆ ಕೂರಬೇಕು. ಇಷ್ಟು ಸಣ್ಣ ದೂರದ ಕಾಯ್ದಿರಿಸದ ಟಿಕೆಟ್ ಕೊಂಡ ಮೇಲೆ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು ಎಂಬ ನಿಯಮ ಹೊರಗಿನವರಿಗೆ ಗೊತ್ತಿರುವುದಿಲ್ಲ. ಬೆಳಿಗ್ಗೆಯೇ ಕೊಂಡಿಟ್ಟು ಸಂಜೆಯ ಗಾಡಿ ಹತ್ತಿದರೆ ಟಿಸಿ ದಂಡ ಹಾಕುತ್ತಾರೆ.

ಗಾಡಿ ಊರಿಲ್ಲದ ಕಡೆ ಸುಮ್ಮನೆ ನಿಂತರೆ ಹೊಸಬರು ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಪಕ್ಕದವರು ಕೂತಲ್ಲಿಂದ ಏಳದೆ ‘ಕ್ರಾಸಿಂಗ್ ಅದರೀ’ ಎನ್ನುತ್ತಾರೆ. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಬರುವ ಎರಡು ಗಾಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಅಲ್ಲಿ ಹಳಿ ಕವಲೊಡೆದು ಮತ್ತೆ ಕೂಡಿಕೊಳ್ಳುತ್ತದೆ. ಮೊದಲು ಬಂದ ಗಾಡಿ ಒಂದು ಕವಲಿನಲ್ಲಿ ನಿಂತು ಎದುರಿನದಕ್ಕೆ ಕಾಯಬೇಕು. ಮಹತ್ವದ ಗಾಡಿಗೆ ಮೊದಲ ದಾರಿ, ಪ್ಯಾಸೆಂಜರಿಗೆ ಕೊನೆಯದು. ಹೀಗಾಗಿ ಎದುರಿನ ಗಾಡಿ ಎಲ್ಲೋ ತಡವಾದರೆ ಅದರ ದಂಡ ಕಟ್ಟುವವರು ಈ ಡಬ್ಬಿಯಲ್ಲಿ ಕೂತವರು. ಪ್ರವಾಸಿ ತನ್ನ ದಿನದ ಲೆಕ್ಕದಲ್ಲಿ ಇದಕ್ಕೊಂದು ತಾಸು ಬಿಟ್ಟುಕೊಳ್ಳಬೇಕು.

ಆ ತಾಸು ದಂಡವಾಗುವುದಿಲ್ಲ. ಕಿಟಕಿಯ ಹೊರಗೆ ಕಲಬುರಗಿಯ ತೊಗರಿ ಹೊಲಗಳಿವೆ. ಕಮಲಾಪುರದ ಕೆಂಪು ಬಾಳೆಯ ಸೀಮೆ ಬರುತ್ತದೆ. ಬೀದರಿನ ಕಡೆ ಸಾಗಿದಂತೆ ಕಪ್ಪು ನೆಲದ ಜಾಗದಲ್ಲಿ ಕೆಂಪು ಮುರಕಲ್ಲು ಕಾಣಿಸಿಕೊಳ್ಳುತ್ತದೆ. ಒಳಗೆ ಕನ್ನಡ, ದಖನಿ, ಮರಾಠಿ ಮೂರೂ ಒಂದೇ ಬೆಂಚಿನ ಮೇಲೆ ನಡೆಯುತ್ತವೆ. ಅನೇಕರು ವಾಕ್ಯದ ನಡುವೆ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಾರೆ. ‘ಯಾವ ಊರ್ರೀ ನಿಮ್ದು?’ ಎಂಬುದು ಇಲ್ಲಿ ವಿಚಾರಣೆಯಲ್ಲ. ಉತ್ತರ ಕೊಟ್ಟರೆ ಯಾವ ಬಸ್ಸು ಹಿಡಿಯಬೇಕು, ಯಾವ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಸಿಗುತ್ತದೆ ಎಂಬುದೆಲ್ಲ ತಾನಾಗಿ ಬರುತ್ತದೆ. ಹೊಂದಿಕೆ ಇಲ್ಲದ ವ್ಯವಸ್ಥೆಯಲ್ಲಿ ನಿಜವಾದ ವಿಚಾರಣಾ ಕೌಂಟರ್ ಎದುರಿನ ಸೀಟು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪೆರು ದೇಶದಲ್ಲಿ ಮಾಚು ಪಿಚು ಕಡೆಗೆ ಹೋಗುವ ಸ್ಥಳೀಯರ ಅಗ್ಗದ ರೈಲಿಗೆ ವಿದೇಶಿ ಪ್ರವಾಸಿ ಹತ್ತುವಂತಿಲ್ಲ. ಅವನಿಗೆ ಬೇರೆ ಗಾಡಿ, ಎಷ್ಟೋ ಪಟ್ಟು ಬೆಲೆ. ಭಾರತದಲ್ಲಿ ಪುರಾತತ್ತ್ವ ಇಲಾಖೆ ತನ್ನ ದೊಡ್ಡ ಸ್ಮಾರಕಗಳಲ್ಲಿ ವಿದೇಶಿಯರಿಗೆ ಬೇರೆ ದರ ಇಟ್ಟಿದೆ, ಆದರೆ ಪ್ಯಾಸೆಂಜರ್ ಗಾಡಿಯ ಕಿಟಕಿಯಲ್ಲಿ ಹುಮನಾಬಾದಿನ ರೈತನಿಗೂ ಜರ್ಮನಿಯ ಪ್ರವಾಸಿಗೂ ಒಂದೇ ದರ. ಪ್ರಯಾಣದ ಖರ್ಚಿನಲ್ಲಿ ರೈಲ್ವೆ ಸರಾಸರಿ 57 ಪ್ರತಿಶತ ಮಾತ್ರ ವಸೂಲು ಮಾಡುತ್ತದೆ ಎಂಬ ಒಕ್ಕಣೆ ಟಿಕೆಟ್ಟಿನ ಮೇಲೆಯೇ ಅಚ್ಚಾಗಿ ಬಂದದ್ದುಂಟು. ಬಡವನಿಗೆಂದು ಇಟ್ಟ ದರದಲ್ಲಿ ಪ್ರವಾಸಿಯೂ ಓಡಾಡುತ್ತಾನೆ. ಇದು ಸರಿಯೋ ಎಂದು ಕೇಳಬಹುದು. ನನಗೆ ಸರಿಯೆನಿಸುತ್ತದೆ: ಬೇರೆ ಗಾಡಿಯಲ್ಲಿ ಕೂರಿಸಿದ ಪ್ರವಾಸಿ ದೇಶ ನೋಡಿದಂತಾಗುವುದಿಲ್ಲ. ಆದರೆ ಹಬ್ಬದ ದಿನ ತುಂಬಿದ ಜನರಲ್ ಡಬ್ಬಿಯಲ್ಲಿ ದೊಡ್ಡ ಬ್ಯಾಗಿಗೊಂದು ಸೀಟು ಹಿಡಿದು ಕೂರುವ ಹಕ್ಕು ಆ ದರದಲ್ಲಿ ಸೇರಿಲ್ಲ.

ಹೊರಡುವವರಿಗೆ

ಬೆಂಗಳೂರಿನಿಂದ ಬರುವವರು ಗಾಡಿಯ ಹೆಸರಿನಲ್ಲಿ ‘ಬೀದರ್’ ಎಂದಿದೆಯೆಂದು ನಂಬಿ ಟಿಕೆಟ್ ತೆಗೆಯಬಾರದು. ಬೀದರಿಗೆ ಹೋಗುವ ಎಲ್ಲ ಗಾಡಿಗಳೂ ಹುಮನಾಬಾದಿನ ಮೇಲೆ ಹೋಗುವುದಿಲ್ಲ. ವಿಕಾರಾಬಾದಿನ ಹಳೆಯ ದಾರಿ ಹಿಡಿಯುವವೂ ಇವೆ. ನಡುವಿನ ನಿಲ್ದಾಣಗಳ ಪಟ್ಟಿಯಲ್ಲಿ ಹುಮನಾಬಾದ್ ಇದೆಯೇ ನೋಡಿಕೊಳ್ಳಿ. ಕಲಬುರಗಿಗೆ 2024ರ ಮಾರ್ಚ್ 12ರಂದು ವಂದೇ ಭಾರತ್ ಶುರುವಾಯಿತು. ವೇಗದ ಗಾಡಿ ನಿಜ, ಆದರೆ ಆರಂಭದ ವೇಳಾಪಟ್ಟಿಯಂತೆ ಅದು ಬೆಂಗಳೂರಿನಿಂದ ಹೊರಟು ಕಲಬುರಗಿ ತಲುಪುವುದು ತಡರಾತ್ರಿ. ರಾತ್ರಿ ಅಲ್ಲೇ ತಂಗಬೇಕು. ಉಳಿಸಿದ ಗಂಟೆಗಳು ಲಾಡ್ಜಿನಲ್ಲಿ ಖರ್ಚಾಗುತ್ತವೆ. ಮುಂಬಯಿ, ಪುಣೆಯವರಿಗೆ ಸೊಲ್ಲಾಪುರದಲ್ಲಿ ಇಳಿದು ಹೈದರಾಬಾದ್ ಹೆದ್ದಾರಿಯ ಬಸ್ಸು ಹಿಡಿಯುವ ದಾರಿಯೂ ಇದೆ.

ಕಾಯ್ದಿರಿಸುವ ಗಾಡಿಗಳಿಗೆ 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ, ಮೊದಲು 120 ದಿನ ಇತ್ತು. ವಿದೇಶಿ ಪ್ರವಾಸಿಗಳಿಗೆ ಪ್ರತ್ಯೇಕ ಕೋಟಾ ಇದ್ದು, 365 ದಿನ ಮೊದಲೇ ಕಾಯ್ದಿರಿಸಬಹುದು. ಅವರಿಗೆಂದು ಮಾರುತ್ತಿದ್ದ ‘ಇಂಡ್‌ರೇಲ್’ ಪಾಸ್ 2017ರಲ್ಲಿ ನಿಂತುಹೋಗಿದೆ, ಹಳೆಯ ಮಾರ್ಗದರ್ಶಿ ಪುಸ್ತಕ ನೋಡಿ ಅದನ್ನು ಹುಡುಕಬೇಡಿ. ಗಾಡಿ ಎಲ್ಲಿದೆ ಎಂದು ತಿಳಿಯಲು 139 ಸಂಖ್ಯೆ ಇದೆ. ಸಾಮಾನು ಇಟ್ಟು ಹೋಗುವ ಕೋಣೆ ದೊಡ್ಡ ನಿಲ್ದಾಣದ ಸೌಕರ್ಯ. ಹುಮನಾಬಾದಿನಂಥ ಕಡೆ ಅದನ್ನು ನಂಬಿ ಬರದೆ, ಹೊತ್ತು ನಡೆಯಬಹುದಾದಷ್ಟೇ ತನ್ನಿ.

ಹುಮನಾಬಾದಿನಲ್ಲಿ ಇಳಿದವರು ಆಟೊ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಬೇಕು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯೂ ಬೀದರ್–ಕಲಬುರಗಿ ಹೆದ್ದಾರಿಯೂ ಕೂಡುವ ಊರು ಇದು, ಬಸ್ಸಿಗೆ ಕೊರತೆಯಿಲ್ಲ. ಹತ್ತುವ ಮುನ್ನ ಒಂದು ಮಾತು ಕೇಳಿ: ಬಸ್ಸು ಊರೊಳಗೆ ಹೋಗುತ್ತದೆಯೋ, ಸಸ್ತಾಪುರ ಬಂಗ್ಲಾದಲ್ಲಿ ಇಳಿಸುತ್ತದೆಯೋ? ದೂರದ ಬಸ್ಸುಗಳು ಹೆದ್ದಾರಿಯ ಆ ಕ್ರಾಸಿನಲ್ಲೇ ಬಿಟ್ಟು ಮುಂದೆ ಹೋಗುವುದುಂಟು, ಕಲ್ಯಾಣ ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್ ಒಳಗಿದೆ. ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಕೈಯಲ್ಲಿರಲಿ. ಅಕ್ಕಪಕ್ಕದ ರಾಜ್ಯಗಳ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಬಸ್ಸಿಗೆ ಹೊತ್ತಿದ್ದರೆ ಹುಮನಾಬಾದನ್ನು ಬರೀ ಇಳಿಯುವ ಜಾಗ ಮಾಡಿಕೊಳ್ಳಬೇಡಿ. ಊರಿನ ವೀರಭದ್ರೇಶ್ವರ ದೇವಸ್ಥಾನದ ಜಾತ್ರೆ ಜನವರಿಯಲ್ಲಿ. ಪಕ್ಕದ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ (1817–1865) ಸಮಾಧಿ ಇದೆ. ಎಲ್ಲ ಮತಗಳೂ ಒಂದೇ ಎಂಬ ಸಕಲಮತ ಸಂಪ್ರದಾಯ ಅವರದು, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ತಾಲ್ಲೂಕಿನ ಜಲಸಂಗವಿ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಮದನಿಕೆಯ ಶಿಲ್ಪವಿದೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಕಲ್ಯಾಣಕ್ಕೆ ಹೋಗುವ ಮುಂಚೆ ಅದರ ದೊರೆಯ ಹೆಸರನ್ನು ಇಲ್ಲೇ ಓದಿಕೊಳ್ಳಬಹುದು.

ಕಲ್ಯಾಣದೊಳಗೆ ನೋಡುವ ಜಾಗಗಳು ಚದುರಿವೆ. ಕೋಟೆ, ಬಸವೇಶ್ವರ ದೇವಸ್ಥಾನ, ಪರುಷಕಟ್ಟೆ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ, 2021ರ ಜನವರಿ 6ರಂದು ಅಡಿಗಲ್ಲು ಬಿದ್ದ ಹೊಸ ಅನುಭವ ಮಂಟಪ, ಊರಾಚೆ ನಾರಾಯಣಪುರದ ಶಿವಾಲಯ: ಎಲ್ಲವನ್ನೂ ಒಂದು ಹಗಲಿನಲ್ಲಿ ನೋಡಲು ಒಂದು ಆಟೊವನ್ನು ದಿನಕ್ಕೆಂದು ಮಾತಾಡಿಕೊಳ್ಳುವುದೇ ಸರಿ. ನವೆಂಬರಿನ ಶರಣ ಕಮ್ಮಟಕ್ಕೆ ಬರುವವರು ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮರಳುವ ಗಾಡಿಯ ವೇಳೆಯನ್ನು ಹುಮನಾಬಾದಿನಲ್ಲಿ ಇಳಿದ ಕೂಡಲೇ ಟಿಕೆಟ್ ಕಿಟಕಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಕಲ್ಯಾಣದಿಂದ ಅದಕ್ಕೆ ಎರಡು ತಾಸು ಮೊದಲೇ ಹೊರಡಿ. ಗಾಡಿ ತಪ್ಪಿದರೆ ಕಲಬುರಗಿಗೂ ಬೀದರಿಗೂ ಬಸ್ಸು ಹುಮನಾಬಾದಿನಿಂದಲೇ ಸಿಗುತ್ತದೆ.