ಬಿಟ್ಟಿ ಕಛೇರಿಯ ಖರ್ಚು ಯಾರದು?

ಹೋದ ತಿಂಗಳು ಒಂದು ಭಾನುವಾರ ಸಂಜೆ ಓಲ್ಡ್ ಬ್ರಿಡ್ಜ್ ಹತ್ತಿರದ ಚರ್ಚ್ ಹಾಲಿನಲ್ಲಿ ಸಂಗೀತ ಕಾರ್ಯಕ್ರಮ ಇತ್ತು. "ಪ್ರವೇಶ ಉಚಿತ, ಎಲ್ಲರೂ ಬನ್ನಿ" ಅಂತ ಅಂಗಡಿ ಬಾಗಿಲಲ್ಲಿ ಚೀಟಿ ಅಂಟಿಸಿದ್ದರು. ದುಡ್ಡು ಕೊಡಬೇಕಿಲ್ಲವಲ್ಲ, ಇಷ್ಟವಾಗದಿದ್ದರೆ ಎದ್ದು ಬಂದರಾಯ್ತು ಅಂತ ನಾವಿಬ್ಬರೂ ಹೋದೆವು.

ವೇದಿಕೆ ಮೇಲೆ ಎರಡೇ ವಾದ್ಯ. ಒಂದು ಪಿಯಾನೋ, ಇನ್ನೊಂದು ಹ್ಯಾಮಂಡ್ ಆರ್ಗನ್. ಪಿಯಾನೋ ಮುಂದೆ ಜಾಝ್ ನುಡಿಸುವ ಯುವಕ, ಆರ್ಗನ್ ಮುಂದೆ ಅದೇ ಚರ್ಚಿನಲ್ಲಿ ವಾರವಾರ ಗಾಸ್ಪೆಲ್ ನುಡಿಸುವ ಹಿರಿಯರು. ಯುವಕ ಒಂದು ಧಾಟಿ ಹಿಡಿದು, ನಮ್ಮ ಸಂಗೀತಗಾರರ ಮನೋಧರ್ಮದ ಹಾಗೆ, ಎಲ್ಲೆಲ್ಲೋ ಸುತ್ತಿಸಿ ತಂದ. ಹಿರಿಯರು ಅದನ್ನೇ ನಿಧಾನವಾಗಿ ನುಡಿಸಿದರು. ಎರಡು ಕೈ ಎರಡು ಸಾಲು ಮನೆಗಳ ಮೇಲೆ, ಕಾಲು ಕೆಳಗಿನ ಪೆಡಲ್ ಮೇಲೆ. ಹಾಲಿನ ಜನವೆಲ್ಲ ಎದ್ದು ಚಪ್ಪಾಳೆಯಲ್ಲಿ ತಾಳ ಹಾಕಿದರು. ಎದ್ದು ಬರುವ ಮಾತೇ ಬರಲಿಲ್ಲ.

ಇದು ನಮಗೆ ಹೊಸದೇನಲ್ಲ. ನಮ್ಮ ಕಡೆ ಭಜನೆಗೂ ಹಾರ್ಮೋನಿಯಂ, ಕಂಪನಿ ನಾಟಕಕ್ಕೂ ಹಾರ್ಮೋನಿಯಂ. ಆ ಪೆಟ್ಟಿಗೆಯನ್ನು ಆಕಾಶವಾಣಿ 1940ರಿಂದ 1971ರ ತನಕ ಹೊರಗೇ ಇಟ್ಟಿತ್ತು. ಇಲ್ಲೂ ಹೀಗೇ. ಗಾಸ್ಪೆಲ್ ಸಂಗೀತದ ಪಿತಾಮಹ ಅನ್ನಿಸಿಕೊಂಡ ಥಾಮಸ್ ಡಾರ್ಸಿ ಮೊದಲು ಬ್ಲೂಸ್ ಪಿಯಾನೋ ನುಡಿಸುತ್ತಿದ್ದವರು. ಅವರ ದೇವರ ಹಾಡಿನಲ್ಲೂ ಆ ವಾಸನೆ ಇದೆ ಅಂತ ಎಷ್ಟೋ ಚರ್ಚುಗಳು ಮೊದಮೊದಲು ಒಳಗೆ ಬಿಡಲಿಲ್ಲ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ, ಹಿಂದೆಯೇ ಮಗು ತೀರಿಕೊಂಡಾಗ ಅವರು ಕಟ್ಟಿದ ಹಾಡು ಇವತ್ತು ದೇಶದ ಚರ್ಚುಗಳಲ್ಲೆಲ್ಲ ಕೇಳುತ್ತದೆ. ಹ್ಯಾಮಂಡ್ ಆರ್ಗನ್ ಬಂದದ್ದು 1935ರಲ್ಲಿ. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳು ಇದನ್ನು ಕೊಂಡವು. ಅಲ್ಲಿಂದ ಅದು ಜಾಝ್ ಕ್ಲಬ್ಬಿಗೂ ಹೋಯಿತು.

ನಮ್ಮಿಂದ ಅರ್ಧ ಗಂಟೆ ದಾರಿಯ ರೆಡ್ ಬ್ಯಾಂಕ್‌ನಲ್ಲಿ 1904ರಲ್ಲಿ ಕೌಂಟ್ ಬೇಸಿ ಹುಟ್ಟಿದ್ದು. ಜಾಝ್ ಲೋಕದ ದೊಡ್ಡ ಹೆಸರು. ಅವರ ತಾಯಿ ಬೇರೆಯವರ ಬಟ್ಟೆ ಒಗೆದು, ಕೇಕ್ ಮಾರಿ, ಪಾಠಕ್ಕೆ 25 ಸೆಂಟ್‌ನಂತೆ ಕೊಟ್ಟು ಮಗನಿಗೆ ಪಿಯಾನೋ ಕಲಿಸಿದರು. ಊರಿಗೆ ದುಡ್ಡು ಕಳಿಸುವ ನಮಗೆ ಆ 25 ಸೆಂಟಿನ ತೂಕ ಗೊತ್ತು.

ಮಧ್ಯೆ ಪಾಸ್ಟರ್ ಎದ್ದು, "ಟಿಕೆಟ್ ಇಲ್ಲ ನಿಜ. ಆದರೆ ಈ ಇಬ್ಬರಿಗೂ ಬಾಡಿಗೆ ಮನೆ ಇದೆ" ಅಂದರು. ಬುಟ್ಟಿ ಬಂತು. ನಾನು ಹತ್ತು ಡಾಲರ್ ಹಾಕಿದೆ. ಅಕೌಂಟೆಂಟ್ ಬುದ್ಧಿ, "ಉಚಿತ" ಅಂದ ಕಡೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಹುಡುಕುತ್ತದೆ.

ಅದಕ್ಕೆ ಒಂದು ಹಳೇ ಕಥೆ ಇದೆ. ರೆಕಾರ್ಡ್, ರೇಡಿಯೋ ಬಂದ ಮೇಲೆ ಎಷ್ಟೋ ವಾದ್ಯಗಾರರ ಕೆಲಸ ಹೋಯಿತು. 1942ರ ಆಗಸ್ಟ್ 1ರಿಂದ ಅವರ ಸಂಘ ರೆಕಾರ್ಡಿಂಗನ್ನೇ ನಿಲ್ಲಿಸಿತು. ದೊಡ್ಡ ಕಂಪನಿಗಳು ಬಗ್ಗುವಷ್ಟರಲ್ಲಿ 1944ರ ನವೆಂಬರ್ ಆಗಿತ್ತು. 1948ರಲ್ಲಿ ಮತ್ತೆ ಮುಷ್ಕರ. ಕೊನೆಗೆ ರೆಕಾರ್ಡ್ ಮಾರಾಟದಿಂದ ಸ್ವಲ್ಪ ಪಾಲು ಒಂದು ನಿಧಿಗೆ ಬರುವಂತೆ ಒಪ್ಪಂದವಾಯಿತು. ಪಾರ್ಕು, ಶಾಲೆ, ಆಸ್ಪತ್ರೆಗಳಲ್ಲಿ ಜನರಿಗೆ ಉಚಿತವಾಗಿ ನುಡಿಸುವವರಿಗೆ ಆ ನಿಧಿ ಸಂಬಳ ಕೊಡುತ್ತದೆ. ಕೇಳುವವರಿಗೆ ಉಚಿತ, ನುಡಿಸುವವರಿಗೆ ಕೂಲಿ. ಕೆಲಸಗಾರರು ಮುಷ್ಕರ ಹೂಡಿ ಗಳಿಸಿದ್ದು ಇದು.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮವರ ಒಂದು ರಾಜ್ಯೋತ್ಸವದ ಲೆಕ್ಕ ಬರೆದವನು ನಾನೇ. ಹಾಲ್ ಬಾಡಿಗೆ, ಊಟ, ಮೈಕ್, ಫೋಟೋ, ಎಲ್ಲಕ್ಕೂ ಬಿಲ್ ಇತ್ತು. ಮೂರು ಗಂಟೆ ಕೀಬೋರ್ಡ್ ನುಡಿಸಿದ ಹುಡುಗನಿಗೆ ಶಾಲು, ಹಾರ, ಒಂದು ಫಲಕ. "ಕನ್ನಡದ ಸೇವೆ ಅಲ್ವಾ" ಅಂದೆವು. ಅವನು ಗ್ಯಾಸ್ ಸ್ಟೇಷನ್ ಶಿಫ್ಟ್ ಬಿಟ್ಟು ಬಂದಿದ್ದ ಅಂತ ಆಮೇಲೆ ಗೊತ್ತಾಯಿತು. ನನ್ನ ಲೆಕ್ಕ ಪೈಸೆ ಪೈಸೆಗೂ ಟ್ಯಾಲಿ ಆಗಿತ್ತು. ಅವನು ಕಳೆದುಕೊಂಡ ಕೂಲಿ ಮಾತ್ರ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಈ ಸಲ ಬಜೆಟ್‌ನಲ್ಲಿ ಮೊದಲ ಸಾಲೇ "ಕಲಾವಿದರ ಸಂಭಾವನೆ" ಅಂತ ಬರೆದಿದ್ದೇನೆ. ಊಟದಲ್ಲಿ ಒಂದು ಸಿಹಿ ಕಡಿಮೆಯಾದರೆ ಬೈಬೇಡಿ.

ಉಚಿತ ಸಂಗೀತ ಕೇಳಬೇಕೆನ್ನುವವರಿಗೆ: ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಪಾರ್ಕುಗಳಲ್ಲಿ ಚಾರ್ಲಿ ಪಾರ್ಕರ್ ಜಾಝ್ ಉತ್ಸವ ನಡೆಯುತ್ತದೆ. ಸೆಪ್ಟೆಂಬರ್‌ನಲ್ಲಿ ನ್ಯೂ ಬ್ರನ್ಸ್‌ವಿಕ್ ಕಡೆ ಸೆಂಟ್ರಲ್ ಜರ್ಸಿ ಜಾಝ್ ಉತ್ಸವ ಇರುತ್ತದೆ. ಕಾರಿಲ್ಲದವರು ನ್ಯೂಯಾರ್ಕಿಗೆ ಹೋಗಲು ರೂಟ್ 9ರ ಪಾರ್ಕ್ ಅಂಡ್ ರೈಡ್‌ನಲ್ಲಿ 139 ಬಸ್ ಹತ್ತಬಹುದು. ದಿನ, ಸಮಯ ವಿಚಾರಿಸಿಕೊಂಡು ಹೊರಡಿ. ಜೇಬಿನಲ್ಲಿ ಒಂದು ಐದು ಡಾಲರ್ ಚಿಲ್ಲರೆ ಇರಲಿ, ಬುಟ್ಟಿ ಬಂದರೆ ಬೇಕಾಗುತ್ತೆ.