ಪರಸಿ ಕಲ್ಲೂ ಹುಳುಕು ಹಲ್ಲೂ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸಿರುವುದು ಪರಸಿ. ಹೊರಗಿನವರು ಅದನ್ನು ಶಹಾಬಾದ್ ಕಲ್ಲು ಅನ್ನುತ್ತಾರೆ. ಬಚ್ಚಲು ತೊಳೆಯಲು ತಂದ ಆ್ಯಸಿಡ್ ಅದರ ಮೇಲೆ ನಾಲ್ಕು ಹನಿ ಬಿದ್ದರೆ ಏನಾಗುತ್ತದೆಂದು ಇಲ್ಲಿನ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಚುರ್ರೆಂದು ನೊರೆ ಏಳುತ್ತದೆ. ಒರೆಸಿದ ಮೇಲೆ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ, ಬೆರಳಾಡಿಸಿದರೆ ತರಿತರಿ. ನಿಂಬೆರಸ ಚೆಲ್ಲಿ ರಾತ್ರಿಯೆಲ್ಲ ಹಾಗೇ ಉಳಿದರೂ ಅದೇ ಗತಿ. ಪರಸಿ ಅಂದರೆ ಸುಣ್ಣದಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ಈ ಸೀಮೆಗೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿನ ದೆಸೆಯಿಂದ. ಹಲ್ಲಿನ ಮೇಲ್ಪದರ ಎನಾಮೆಲ್ ಕೂಡ ಕ್ಯಾಲ್ಸಿಯಂನದೇ, ಕಾರ್ಬೊನೇಟ್ ಬದಲು ಫಾಸ್ಫೇಟ್. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜವಾದ ಅದಕ್ಕಿಂತ ಗಟ್ಟಿ ವಸ್ತು ನಮ್ಮ ಮೈಯಲ್ಲಿ ಇನ್ನೊಂದಿಲ್ಲ. ಆದರೂ ಆಮ್ಲಕ್ಕೆ ಸೋಲುತ್ತದೆ.

ಹಲ್ಲು ಹುಳುಕಾದರೆ ಅದರೊಳಗೆ ಹುಳ ಹೊಕ್ಕಿದೆ ಎಂಬ ನಂಬಿಕೆ ಬ್ಯಾಬಿಲೋನಿನ ಕಾಲದಷ್ಟು ಹಳೆಯದು. ಬೀಜ ಸುಟ್ಟು ಬಾಯಿಗೆ ಹೊಗೆ ಹಿಡಿಸಿ, ಬಟ್ಟಲ ನೀರಿನಲ್ಲಿ ಬಿಳಿ ಹುಳ ತೋರಿಸಿ ದುಡ್ಡು ಕೇಳುವವರು ನಮ್ಮ ದೇಶದಲ್ಲೂ ಇದ್ದಾರೆ, ಬೇರೆ ದೇಶಗಳಲ್ಲೂ ಇದ್ದರು. ಆ ಬೆಳ್ಳನೆಯ ಎಳೆ ಕಾದ ಬೀಜ ಬಿರಿದು ಹೊರಬಿದ್ದ ಅದರದೇ ಭ್ರೂಣ. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲೇ ಈ ಹುಳದ ಮಾತನ್ನು ತಳ್ಳಿಹಾಕಿದ್ದ. ನಿಜವಾದ ಕಾರಣವನ್ನು 1890ರಲ್ಲಿ ಬಿಡಿಸಿಟ್ಟವನು ಮಿಲ್ಲರ್ ಎಂಬ ದಂತವೈದ್ಯ: ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆ, ಹಿಟ್ಟನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಕರಗುವ ಲೆಕ್ಕ ಹೀಗೆ. ಸಿಹಿ ಚಹಾ ಒಂದು ಗುಟುಕು ಇಳಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪೊರೆಯಲ್ಲಿ ಆಮ್ಲ ಹೆಚ್ಚಿ ಪಿಎಚ್ ಜಾರುತ್ತದೆ. ಸುಮಾರು 5.5ರ ಕೆಳಗೆ ಹೋದರೆ ಎನಾಮೆಲ್ ಖನಿಜ ಬಿಡತೊಡಗುತ್ತದೆ. ಎಂಜಲು ಮತ್ತೆ ಪಿಎಚ್ ಅನ್ನು ಮೇಲೆತ್ತಲು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಬೇಕು. ಇಲ್ಲೇ ಹಲ್ಲಿಗೂ ಪರಸಿಗೂ ವ್ಯತ್ಯಾಸ. ಪರಸಿಯ ಕಲೆ ಹೋಗುವುದಿಲ್ಲ. ಹಲ್ಲಿಗಾದರೆ ಎಂಜಲಿನ ಕ್ಯಾಲ್ಸಿಯಂ ವಾಪಸು ಬಂದು ಕೂರುತ್ತದೆ, ನಾವು ಸಮಯ ಕೊಟ್ಟರೆ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದವನ ಹಲ್ಲಿಗಿಂತ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಅರ್ಧ ಕಪ್ ಚಹಾ ಹೀರುವವನ ಹಲ್ಲಿಗೆ ಅಪಾಯ ಹೆಚ್ಚು. ಎಷ್ಟು ಸಿಹಿ ಅನ್ನುವುದರಷ್ಟೇ, ಎಷ್ಟು ಸಲ ಅನ್ನುವುದೂ ಮುಖ್ಯ. ಮಗುವಿನ ಕೈಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟು ಅಂಗಳಕ್ಕೆ ಬಿಡುವುದು, ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸುವುದು ಎರಡೂ ಕೆಟ್ಟವು, ಎರಡನೆಯದು ಇನ್ನೂ ಕೆಟ್ಟದ್ದು. ನಿದ್ದೆಯಲ್ಲಿ ಎಂಜಲು ಊರುವುದೇ ಕಡಿಮೆ. ಜೋಳದ ರೊಟ್ಟಿ, ಪಲ್ಯ, ಹಸಿ ಸೌತೆಕಾಯಿ ಅಗಿದು ತಿನ್ನುವ ಊಟವಾದ್ದರಿಂದ ಎಂಜಲು ಚೆನ್ನಾಗಿ ಊರುತ್ತದೆ. ನಮ್ಮ ಕಡೆಯ ಊಟದ ಮೇಲೆ ದೂರಿಲ್ಲ, ದೂರಿರುವುದು ಎರಡು ಊಟದ ನಡುವಿನ ಪುಡಿ ತಿಂಡಿಯ ಮೇಲೆ.

“ಹಾಲಹಲ್ಲ ಅವ ಬಿಡವ್ವ, ಬಿದ್ದು ಹೊಸಾವ ಬರ್ತಾವ” ಎಂದು ಆಯಿ ಸಮಾಧಾನ ಹೇಳುವುದನ್ನು ಯಾರು ಕೇಳಿಲ್ಲ? ಈ ಮಾತು ತರುವ ನಷ್ಟವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಗುವಿಗೆ ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ದವಡೆಯ ಕೊನೆಗೆ, ಮೇಲೆರಡು ಕೆಳಗೆರಡು ದೊಡ್ಡ ಹಲ್ಲು ಮೂಡುತ್ತವೆ. ಅವಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ. ಹಾಗಾಗಿ ಮನೆಯವರಿಗೆ ಅವು ಬಂದದ್ದೇ ಗೊತ್ತಾಗುವುದಿಲ್ಲ, ಗೊತ್ತಾದರೂ ಹಾಲುಹಲ್ಲೆಂದೇ ಬಗೆಯುತ್ತಾರೆ. ಅವು ಸಾಯುವ ತನಕ ಇರಬೇಕಾದ ಹಲ್ಲುಗಳು. ಮೇಲ್ಮೈ ತುಂಬ ಆಳದ ಗೀರುಗಳಿದ್ದು, ಬ್ರಷ್ಷಿನ ಎಳೆ ಅಲ್ಲಿಗೆ ಇಳಿಯುವುದಿಲ್ಲ. ಒಂದನೇ ತರಗತಿಗೆ ಹೆಸರು ಹಚ್ಚಿದ ವರ್ಷ ಮಗುವನ್ನು ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ ಕಟ್ಟಕಡೆಯ ಹಲ್ಲು ನೋಡಿ. ಗೀರಿನ ಬಣ್ಣ ಕಪ್ಪಾಗಿದ್ದರೆ ಡಾಕ್ಟರಿಗೆ ತೋರಿಸಿ. ಹುಳುಕು ಹಿಡಿಯದಿದ್ದರೆ ಆ ಗೀರುಗಳನ್ನು ಸೀಲೆಂಟ್ ಎಂಬ ಲೇಪದಿಂದ ಮುಚ್ಚಬಹುದು, ಅದಕ್ಕೆ ಸೂಜಿಯೂ ಬೇಡ, ಕೊರೆಯುವುದೂ ಬೇಡ.

ಬೇವಿನ ಕಡ್ಡಿಯನ್ನು ನಾನು ಹಳಿಯುವುದಿಲ್ಲ. ತುದಿ ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ಹೊರಮೈ ಶುಚಿಯಾಗುತ್ತದೆ. ಆದರೆ ಒಳಮೈಗೆ, ಹಿಂದಿನ ದವಡೆಗೆ ಅದು ಸರಿಯಾಗಿ ಮುಟ್ಟದು. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಮಾತ್ರ ಬೇಡವೇ ಬೇಡ, ಅವು ಎನಾಮೆಲನ್ನೇ ಸವೆಸುತ್ತವೆ. ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ದಿನಕ್ಕೆರಡು ಸಲ. ಬೆಳಗಿನದು ತಪ್ಪಿದರೂ ರಾತ್ರಿ ಮಲಗುವ ಮುನ್ನ ತಪ್ಪಬಾರದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ನೊರೆ ಉಗಿಯಲಿ, ನುಂಗದಿರಲಿ. ಉಗಿದ ಮೇಲೆ ನಾಲ್ಕು ಸಲ ನೀರು ಮುಕ್ಕಳಿಸಿದರೆ ಹಲ್ಲಿಗೆ ಹತ್ತಿದ ಫ್ಲೋರೈಡ್ ತೊಳೆದುಹೋಗುತ್ತದೆ.

ಅದೇ ಫ್ಲೋರೈಡ್ ನೀರಿನಲ್ಲಿ ಅತಿಯಾದರೆ ತೊಂದರೆ. ಕಲಬುರಗಿ ಜಿಲ್ಲೆಯ ಕೆಲವು ಊರುಗಳ ಬೋರ್‌ವೆಲ್ ನೀರಿಗೆ ಆ ದೋಷವಿದೆ. ಫ್ಲೋರೈಡ್ ಹೆಚ್ಚಾಗಿ ಕಂಡುಬರುವುದು ಗ್ರಾನೈಟ್ ಬಂಡೆಯ ನೆಲದಲ್ಲಿ. ಸುಣ್ಣದಕಲ್ಲಿನ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದು ಫ್ಲೋರೈಡನ್ನು ಹಿಡಿದು ಕೂರಿಸಿಬಿಡುತ್ತದೆ. ಆದ್ದರಿಂದ ಒಂದೂರ ನೀರಿನಂತೆ ಪಕ್ಕದೂರ ನೀರಿರುವುದಿಲ್ಲ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಇದನ್ನು ಮೀರಿದ ನೀರನ್ನು ಎಳವೆಯಲ್ಲಿ ಕುಡಿದು ಬೆಳೆದವರ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಗೆರೆ ಬರುತ್ತವೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗದು. ಶಾಲೆಯಲ್ಲಿ ಆ ಮಕ್ಕಳನ್ನು ‘ಹಲ್ಲು ತಿಕ್ಕಿಲ್ಲ’ ಎಂದು ಗದರುವುದು ಅನ್ಯಾಯ. ನೀರು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ.

ಗಣಿಯಲ್ಲಿ ಕಲ್ಲೆಬ್ಬಿಸುವವರು, ಲಾರಿ ಓಡಿಸುವವರು ಹಸಿವು, ನಿದ್ದೆ ತಡೆಯಲು ಗುಟ್ಕಾ ಒತ್ತಿಕೊಳ್ಳುತ್ತಾರೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ ಅದು ಮತ್ತೆ ಬಂತು! ಅಡಿಕೆ ಒಂದೇ ಸಾಕು, ಕೆನ್ನೆಯ ಒಳಗೋಡೆ ಬಿಗಿದು ಬಾಯಿ ತೆರೆಯದಂತಾಗಲು. ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಿ ನೋಡಿ. ಹೋಗದಿದ್ದರೆ, ಖಾರ ಮುಟ್ಟಿ ಉರಿದರೆ, ಬಿಳಿ ಇಲ್ಲವೇ ಕೆಂಪು ಮಚ್ಚೆ ಎರಡು ವಾರವಾದರೂ ಮಾಯದಿದ್ದರೆ ಆಸ್ಪತ್ರೆಗೆ ಹೋಗಬೇಕು. ಹೆಂಗಸರು ಹಲ್ಲಿಗೆ ಹಚ್ಚುವ ತಂಬಾಕಿನ ಪುಡಿಯೂ ಇದೇ ಜಾತಿಯದು. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಚಿಂಚೋಳಿಯ ತಾಂಡಾದಿಂದ ಹಲ್ಲಿನ ಡಾಕ್ಟರ ಬಳಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅದಕ್ಕೇ ಜನ ಲವಂಗ ಕಚ್ಚಿ, ನೋವಿನ ಮಾತ್ರೆ ನುಂಗಿ ದಿನ ದೂಡುತ್ತಾರೆ. ಹುಳುಕು ಸಣ್ಣದಿದ್ದಾಗಲೇ ತುಂಬಿಸಿದರೆ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ ಅದು. ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಆಗದ್ದಕ್ಕೆ ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಎಸ್. ನಿಜಲಿಂಗಪ್ಪ ಹೆಸರಿನದು ಅವುಗಳಲ್ಲೊಂದು. ಹಲ್ಲು ನೋವಿನ ಜೊತೆ ಕೆನ್ನೆ ಊದಿ ಜ್ವರ ಬಂದರೆ ಬಿಸಿ ಶಾಖ ಕೊಡುತ್ತ ಕೂರಬಾರದು, ಅದೇ ದಿನ ಹೊರಡಬೇಕು. ಬಾವು ದವಡೆಯ ಕೆಳಗೆ ಇಳಿದು, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಬಸ್ಸಿಗೂ ಕಾಯದೆ 108ಕ್ಕೆ ಫೋನ್ ಮಾಡಿ.