ಗ್ರಾಹಕರ ಪಟ್ಟಿ ಯಾರ ಕೈಯಲ್ಲಿದೆ?

ಅಂಗಡಿ ಬಾಡಿಗೆಯದಾದರೂ ಖಾತೆ ಪುಸ್ತಕ ವರ್ತಕರ ಕೈಯಲ್ಲೇ ಇರುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಹಾಗಲ್ಲ. ಅಲ್ಲಿ ಗ್ರಾಹಕರ ಪಟ್ಟಿ ಜಾಲತಾಣದ ಒಡೆಯರ ಬಳಿ ಇರುತ್ತದೆ. ಭಾರತದಲ್ಲಿ ಜನಪ್ರಿಯವಾಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಸಾರ್ವಜನಿಕ ಬಳಕೆಗಿದ್ದ ಗೂಗಲ್ ಪ್ಲಸ್ 2019ರಲ್ಲಿ ನಿಂತಿತು. ಅಲ್ಲಿ ಕಟ್ಟಿದ ಸಂಪರ್ಕಜಾಲವನ್ನು ಬೇರೆಡೆ ಮತ್ತೆ ಮೊದಲಿನಿಂದಲೇ ಕಟ್ಟಬೇಕಾಯಿತು.

ಈ ದೃಷ್ಟಿಯಿಂದ 2016ರಲ್ಲಿ ಆರಂಭವಾದ ಮಾಸ್ಟೊಡಾನ್ ಎಂಬ ಮುಕ್ತ ತಂತ್ರಾಂಶ ಗಮನಾರ್ಹ. ಈ ಜಾಲಕ್ಕೆ ಒಬ್ಬನೇ ಒಡೆಯನಿಲ್ಲ. ಇ-ಮೇಲ್‌ನಲ್ಲಿರುವಂತೆ ಬೇರೆ ಬೇರೆ ಸರ್ವರ್‌ಗಳ ಬಳಕೆದಾರರು ಪರಸ್ಪರ ವ್ಯವಹರಿಸಬಹುದು. ಒಂದು ಸರ್ವರ್ ಒಗ್ಗದಿದ್ದಲ್ಲಿ ಅನುಯಾಯಿಗಳೊಡನೆ ಇನ್ನೊಂದಕ್ಕೆ ಹೋಗಬಹುದು. ಹಳೆಯ ಬರಹಗಳು ಮಾತ್ರ ಜೊತೆಗೆ ಬಾರವು. ಹಳೆಯ ಸರ್ವರ್ ಮುಚ್ಚುವ ಮುನ್ನವೇ ಈ ಕಾರ್ಯ ನಡೆಯಬೇಕು. ದೊಡ್ಡ ಜಾಲತಾಣಗಳಿಗೆ ಹೋಲಿಸಿದರೆ ಇಲ್ಲಿ ಬಳಕೆದಾರರು ಕಡಿಮೆ ಎಂಬುದೂ ನಿಜ.

ಕಚೇರಿಯ ಕಡತಗಳಿಗೂ ಇದೇ ಮಾತು ಸಲ್ಲುತ್ತದೆ. 2010ರಲ್ಲಿ ಆರಂಭವಾದ ಲಿಬ್ರೆ ಆಫೀಸ್‌ಗೆ ಪರವಾನಗಿ ಶುಲ್ಕವಿಲ್ಲ. ಅದು ಬಳಸುವ ಕಡತ ನಮೂನೆಗೆ 2006ರಲ್ಲಿಯೇ ಐಎಸ್‌ಒ ಮಾನ್ಯತೆ ದೊರೆತಿದ್ದು, ಬೇರೆ ತಂತ್ರಾಂಶಗಳಲ್ಲಿಯೂ ಅದನ್ನು ತೆರೆಯಬಹುದು. ಆದರೆ ಸಿಬ್ಬಂದಿಯ ತರಬೇತಿಗೆ ಸಮಯ ವಿನಿಯೋಗಿಸಲೇಬೇಕು.

ಗ್ರಾಹಕರಿರುವ ಜಾಲತಾಣಗಳನ್ನು ತೊರೆಯಬೇಕಾಗಿಲ್ಲ. ಅವರ ಒಪ್ಪಿಗೆ ಪಡೆದು, ವಿಳಾಸ ಹಾಗೂ ದೂರವಾಣಿ ಸಂಖ್ಯೆಗಳನ್ನು ಸ್ವಂತ ಕಡತದಲ್ಲಿ ದಾಖಲಿಸಿ, ತಿಂಗಳಿಗೊಮ್ಮೆ ಅದರ ಪ್ರತಿ ತೆಗೆದಿಡುವುದು ಸದಸ್ಯರಿಗೆ ಕ್ಷೇಮಕರ.